ಕಪಿಯ ತಲೆಯ ಮೇಲಿನ ಚಿನ್ನದ ಪಟ್ಟಿ

ನಿಮ್ಮ ಮನೆಯಲ್ಲಿಯೂ ಅಂತಹ ಒಂದು ಮಾತು ಇದ್ದೀತು. ಅದನ್ನು ಆಡಿದ ಕೂಡಲೇ ಮನೆಯ ಒಬ್ಬ ಸದಸ್ಯನ ತಲೆ ತಗ್ಗುತ್ತದೆ, ತಟ್ಟೆಯಲ್ಲಿದ್ದ ಕೈ ನಿಲ್ಲುತ್ತದೆ. ಆಡಿದವರಿಗೆ ಅದು ಕೇವಲ ಎಚ್ಚರಿಕೆಯ ಮಾತು; ಕೇಳಿದವರಿಗೆ ಹಳೆಯ ಗಾಯದ ಮೇಲೆ ಮತ್ತೊಂದು ಬರೆ. ನಮ್ಮ ಮನೆಯಲ್ಲಿ ಮೂರು ತಿಂಗಳ ಕಾಲ ಆ ಮಾತು 'ಫೀಸಿನ ದುಡ್ಡು' ಎಂಬುದಾಗಿತ್ತು. ಅದನ್ನು ಆಡುತ್ತಿದ್ದವನು ನಾನು. ತಲೆ ತಗ್ಗಿಸುತ್ತಿದ್ದವನು ನನ್ನ ಮಗ.

ನಡೆದದ್ದು ಇಷ್ಟು. ಬೆಂಗಳೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಮಗನು ವಸತಿಗೃಹದ ಶುಲ್ಕಕ್ಕೆಂದು ನಾನು ಕಳುಹಿಸಿದ 30 ಸಾವಿರ ರೂಪಾಯಿಗಳಲ್ಲಿ ತನ್ನ ಕಂಪ್ಯೂಟರಿಗೆ ಒಂದು ಗ್ರಾಫಿಕ್ಸ್ ಕಾರ್ಡ್ ಕೊಂಡಿದ್ದ. 2024ರ ಆಗಸ್ಟ್ 20ರಂದು ಬಿಡುಗಡೆಯಾದ 'ಬ್ಲ್ಯಾಕ್ ಮಿಥ್: ವುಕಾಂಗ್' ಎಂಬ ವಿಡಿಯೋ ಆಟವನ್ನು ಆಡುವುದಕ್ಕೆ ಅವನಿಗೆ ಅದು ಬೇಕಾಗಿತ್ತು. ಆ ಸೆಮಿಸ್ಟರಿನಲ್ಲಿ ಎರಡು ವಿಷಯಗಳಲ್ಲಿ ಅನುತ್ತೀರ್ಣನಾದದ್ದನ್ನೂ ಮುಚ್ಚಿಟ್ಟಿದ್ದ. ದೀಪಾವಳಿಯ ರಜೆಯಲ್ಲಿ ಎರಡೂ ಸಂಗತಿಗಳು ಒಂದೇ ದಿನ ಹೊರಬಿದ್ದವು. ನಾನು ಬಯ್ದೆ, ಅವನು ಉತ್ತರಿಸಲಿಲ್ಲ. ಸೆಮಿಸ್ಟರಿನ ಕೊನೆಗೆ ಆ ಕಂಪ್ಯೂಟರನ್ನು ರಟ್ಟಿನ ಪೆಟ್ಟಿಗೆಯಲ್ಲಿ ಕಟ್ಟಿಸಿ ಊರಿಗೆ ತರಿಸಿ ಅಲಮಾರಿಯಲ್ಲಿಟ್ಟು ಬೀಗ ಹಾಕಿದೆ. ಆಗಲೂ ಅವನು ಮಾತನಾಡಲಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ನನ್ನ ಮನೆಯ ಮಗುವಿನೊಡನೆ ಮಾತು ಕಳೆದುಕೊಂಡೆ.

2025ರ ಫೆಬ್ರವರಿಯಲ್ಲಿ ಮೈಲಾರದ ಜಾತ್ರೆ ಬಂದಿತು. ವಿಜಯನಗರ ಜಿಲ್ಲೆಯ ಹೂವಿನ ಹಡಗಲಿ ತಾಲ್ಲೂಕಿನಲ್ಲಿ, ತುಂಗಭದ್ರೆಯ ದಡದಲ್ಲಿರುವ ಆ ಊರಿನ ಭರತ ಹುಣ್ಣಿಮೆಯ ಜಾತ್ರೆಯನ್ನು ನಮ್ಮ ಸೀಮೆಯವರಿಗೆ ಪರಿಚಯಿಸಬೇಕಾಗಿಲ್ಲ. ಎತ್ತಿನ ಬಂಡಿಗಳು, ಟ್ರ್ಯಾಕ್ಟರುಗಳು, ಹೊಳೆಯ ದಂಡೆಯ ಬಿಡಾರಗಳು, ಹಳದಿ ಭಂಡಾರದಲ್ಲಿ ಮಿಂದ ಜನ, 'ಏಳುಕೋಟಿ' ಎಂಬ ಕೂಗು. ಹುಣ್ಣಿಮೆಯ ಎರಡು ದಿನಗಳ ನಂತರ ಡೆಂಕಣ ಮರಡಿಯಲ್ಲಿ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ನುಡಿಯುವ ಒಂದೇ ಸಾಲಿನ ಕಾರಣಿಕವನ್ನು ಕೇಳುವುದಕ್ಕೆ ಲಕ್ಷಗಟ್ಟಲೆ ಜನ ಸೇರುತ್ತಾರೆ. ಯಾವ ಮತದವರಾದರೂ ಸರಿ, ನಮ್ಮ ಭಾಗದಲ್ಲಿ ಹುಟ್ಟಿ ಬೆಳೆದವರಿಗೆ ಅದು ನೆರೆಹೊರೆಯವರ ದೊಡ್ಡ ಹಬ್ಬ. ಮಗನನ್ನು ಕರೆದೆ. ಬರಲಾರೆ ಎನ್ನುತ್ತಾನೆಂದುಕೊಂಡಿದ್ದೆ, ಮೌನವಾಗಿ ಬಂದು ಬೈಕಿನ ಹಿಂದೆ ಕುಳಿತ.

ಜಾತ್ರೆಯಲ್ಲಿ ಗೊರವರ ಗುಂಪೊಂದರ ಎದುರು ನಾವು ನಿಂತೆವು. ನೀವೂ ನೋಡಿರಬಹುದು. ಕರಿಯ ಕಂಬಳಿಯ ಉಡುಗೆ, ತಲೆಯ ಮೇಲೆ ಕರಡಿಯ ಕೂದಲಿನ ಟೊಪ್ಪಿಗೆ, ಕೈಯಲ್ಲಿ ಡಮರು. ಭಕ್ತರು ದೋಣಿ ಎಂದು ಕರೆಯುವ ಪಾತ್ರೆಯಲ್ಲಿ ಹಾಲು, ಬಾಳೆಹಣ್ಣು, ಸಕ್ಕರೆ ಸುರಿಯುತ್ತಾರೆ. ಅದುವರೆಗೆ ನಮ್ಮಂತೆಯೇ ನಿಂತು ಮಾತನಾಡುತ್ತಿದ್ದ ಗಂಭೀರ ವಯಸ್ಸಿನ ಗಂಡಸರು ತಟ್ಟನೆ ಮೊಣಕಾಲೂರಿ, ನಾಯಿಗಳಂತೆ ಬೊಗಳುತ್ತ, ಒಬ್ಬರನ್ನೊಬ್ಬರು ಗುರುಗುಟ್ಟಿ ಹೆದರಿಸುತ್ತ, ಕೈ ಮುಟ್ಟಿಸದೆ ಬಾಯಿಂದಲೇ ತಿನ್ನುತ್ತಾರೆ. ಮೈಲಾರನ ನಾಯಿಗಳು ತಾವು ಎಂಬ ಭಾವ ಅವರದು. ಸುತ್ತ ನಿಂತ ಮಕ್ಕಳು ನಗುತ್ತಾರೆ, ಹೆದರುತ್ತಾರೆ, ಮತ್ತೆ ನಗುತ್ತಾರೆ. ಕೆಲವೇ ನಿಮಿಷ, ಆಮೇಲೆ ಆ ಹಿರಿಯರು ಎದ್ದು ಬಾಯಿ ಒರೆಸಿಕೊಂಡು ಮತ್ತೆ ಮನುಷ್ಯರಾಗುತ್ತಾರೆ.

ಆಗ ಮಗನು ಮೂರು ತಿಂಗಳಲ್ಲಿ ಮೊದಲ ಬಾರಿಗೆ ತಾನಾಗಿ ನನ್ನೊಡನೆ ಮಾತನಾಡಿದ. "ಅಪ್ಪಾ, ನಮ್ಮ ಆಟದಲ್ಲಿಯೂ ಹೀಗೆಯೇ. ಅವನು ತೋಳವಾಗುತ್ತಾನೆ. ಸ್ವಲ್ಪ ಹೊತ್ತು ಮಾತ್ರ."

"ಯಾರು?" ಎಂದೆ.

"ಆ ಮಂಗ," ಎಂದ.

ಆ ರಾತ್ರಿ ನಾನು ಅಲಮಾರಿಯ ಬೀಗ ತೆಗೆದೆ. ಆಡುವುದಕ್ಕಲ್ಲ, ನನಗೆ ತೋರಿಸುವುದಕ್ಕೆ ಎಂದು ಷರತ್ತು ಹಾಕಿದೆ. ನನ್ನ ಮಗನ ಮೂರು ತಿಂಗಳನ್ನು ನುಂಗಿದ ಆ ಮಂಗ ಯಾರೆಂದು ನಾನು ಕೇಳಿಯೇ ಇರಲಿಲ್ಲ ಎಂಬುದು ಆಗ ನನಗೆ ಹೊಳೆಯಿತು.

ಕಥೆಯಲ್ಲಿ ಅವನ ಪಾತ್ರ

ಅವನ ಹೆಸರು ಸುನ್ ವುಕಾಂಗ್. 'ಪಶ್ಚಿಮ ಯಾತ್ರೆ' ಎಂಬ, 16ನೆಯ ಶತಮಾನದ, ನೂರು ಅಧ್ಯಾಯಗಳ ಚೀನೀ ಕಾದಂಬರಿಯ ಕಪಿವೀರ. ಕಲ್ಲಿನಿಂದ ಹುಟ್ಟಿದವನು. ಎಪ್ಪತ್ತೆರಡು ರೂಪಗಳನ್ನು ತಾಳಬಲ್ಲವನು. ಸಮುದ್ರರಾಜನ ಅರಮನೆಯಿಂದ ತಂದ, ಬೇಕೆಂದಷ್ಟು ಬೆಳೆದು ಸೂಜಿಯಷ್ಟು ಕುಗ್ಗುವ ಕೋಲನ್ನು ಕಿವಿಯೊಳಗೆ ಇಟ್ಟುಕೊಂಡು ತಿರುಗುವವನು. ಸ್ವರ್ಗದವರು ಅವನನ್ನು ಸಮಾಧಾನಪಡಿಸಲು ಕುದುರೆ ಲಾಯದ ಉಸ್ತುವಾರಿ ಕೊಟ್ಟರು. ಅದು ಕೀಳು ಹುದ್ದೆಯೆಂದು ತಿಳಿದೊಡನೆ ಸಿಟ್ಟಿನಿಂದ ಹೊರಟುಹೋದ. ಬಳಿಕ ಅಮರತ್ವದ ಪೀಚ್ ತೋಟವನ್ನು ಕಾಯಲು ಇಟ್ಟರು. ಕಾಯುವವನೇ ಹಣ್ಣುಗಳನ್ನು ತಿಂದು ಮುಗಿಸಿದ. ಕೊನೆಗೆ ಬುದ್ಧನೊಡನೆ ಪಂತ ಕಟ್ಟಿ, ಜಗತ್ತಿನ ಅಂಚಿನವರೆಗೂ ಹಾರಿದೆನೆಂದು ಬೀಗಿ, ತಾನು ಹಾರಿದ್ದು ಅವನ ಅಂಗೈಯಲ್ಲಿಯೇ ಎಂದು ತಿಳಿದು ನಾಚಿದ. ಐನೂರು ವರ್ಷ ಬೆಟ್ಟದ ಕೆಳಗೆ ಬಂಧಿಯಾದ.

ಅವನನ್ನು ಅಲ್ಲಿಂದ ಬಿಡಿಸಿದವನು ಪವಿತ್ರ ಗ್ರಂಥಗಳನ್ನು ತರಲು ಪಶ್ಚಿಮಕ್ಕೆ, ಎಂದರೆ ನಮ್ಮ ದೇಶಕ್ಕೆ, ಹೊರಟಿದ್ದ ಒಬ್ಬ ಸನ್ಯಾಸಿ. ಕಾದಂಬರಿಯ ಆ ಸನ್ಯಾಸಿಯ ಹಿಂದಿರುವ ನಿಜ ವ್ಯಕ್ತಿಯನ್ನು ನಾವೆಲ್ಲರೂ ಶಾಲೆಯ ಇತಿಹಾಸದ ಪುಸ್ತಕದಲ್ಲಿ ಓದಿದ್ದೇವೆ. ಆತನೇ 7ನೆಯ ಶತಮಾನದ ಹ್ಯೂಯೆನ್ ತ್ಸಾಂಗ್. ಬಾದಾಮಿ ಚಾಲುಕ್ಯರ ಇಮ್ಮಡಿ ಪುಲಕೇಶಿಯ ರಾಜ್ಯವನ್ನು ಸಂದರ್ಶಿಸಿ, ಆ ಅರಸನ ಪರಾಕ್ರಮವನ್ನೂ ಪ್ರಜೆಗಳ ನಿಷ್ಠೆಯನ್ನೂ, ಹರ್ಷನಿಗೂ ಅವನನ್ನು ಮಣಿಸಲಾಗದ್ದನ್ನೂ ಬರೆದಿಟ್ಟವನು. 645ರಲ್ಲಿ ಆತ ಚೀನಕ್ಕೆ ಮರಳಿದ. ಆತನ ನಿಜ ಯಾತ್ರೆಯಲ್ಲಿ ಮಾಯಾವಿ ಮಂಗ ಇರಲಿಲ್ಲ. ಜನರ ಕಲ್ಪನೆ ಶತಮಾನಗಳ ಕಾಲ ಕಥೆ ಹೇಳುತ್ತ ಹೇಳುತ್ತ ಆ ಸನ್ಯಾಸಿಗೆ ಒಬ್ಬ ಕಪಿಯನ್ನು ಜೊತೆಮಾಡಿತು. ಆ ಕಪಿ ಎಲ್ಲಿಂದ ಬಂದ? 1923ರಲ್ಲಿ ಚೀನೀ ವಿದ್ವಾಂಸ ಹು ಶಿ, ಇವನ ಮೂಲ ನಮ್ಮ ಹನುಮಂತನೇ ಇರಬೇಕೆಂದರು. ಲೇಖಕ ಲು ಶುನ್ ಅದನ್ನು ಒಪ್ಪದೆ, ಚೀನದ್ದೇ ಆದ ಒಂದು ಹಳೆಯ ನದೀಪಿಶಾಚಿಯ ಕಥೆಯನ್ನು ತೋರಿಸಿದರು. ವಾದ ಇಂದಿಗೂ ಮುಗಿದಿಲ್ಲ. ಆದರೆ ನಮ್ಮ ಮೈಲಾರದ ದಡವನ್ನು ತೊಳೆದು ಹರಿಯುವ ನೀರೇ ಮುಂದೆ ಆನೆಗೊಂದಿಯನ್ನು, ಜನರು ಕಿಷ್ಕಿಂಧೆಯೆಂದು ನಂಬುವ ಬಂಡೆಗಳ ನಾಡನ್ನು ಸೇರುತ್ತದೆ. ನಮ್ಮ ಹೊಳೆಯ ಸಾಲಿನಲ್ಲಿ ತುಂಟ ಕಪಿ ಯಾರಿಗೂ ಅಪರಿಚಿತನಲ್ಲ ಅಲ್ಲವೇ?

ಆಟದ ಕಥೆ ಕಾದಂಬರಿ ಮುಗಿದ ನಂತರ ಆರಂಭವಾಗುತ್ತದೆ. ಬುದ್ಧಪದವಿ ದೊರೆತ ಮೇಲೆ ವುಕಾಂಗ್ ಅದನ್ನು ಬೇಡವೆಂದು ಬಿಟ್ಟು ತನ್ನ ಬೆಟ್ಟಕ್ಕೆ ಮರಳುತ್ತಾನೆ. ಸ್ವರ್ಗದ ಸೈನ್ಯ ಅವನನ್ನು ಬೆನ್ನಟ್ಟಿ ಕೆಡವುತ್ತದೆ. ಕಣ್ಣು, ಕಿವಿ, ಮೂಗು, ನಾಲಿಗೆ, ದೇಹ, ಮನಸ್ಸು ಎಂಬ ಆರು ಭಾಗಗಳಾಗಿ ಅವನ ಸತ್ವ ಚದುರಿಹೋಗುತ್ತದೆ. ಆಡುವವನು ಆರಂಭದ ಕೆಲವು ನಿಮಿಷ ಮಾತ್ರ ವುಕಾಂಗನಾಗಿರುತ್ತಾನೆ. ಬಳಿಕ ಆಟ ಮುಗಿಯುವವರೆಗೂ ಅವನು ಆ ಆರು ಭಾಗಗಳನ್ನು ಹುಡುಕುತ್ತ ಹೊರಟ ಮತ್ತೊಬ್ಬ ಮರಿಕಪಿ. ಆ ಮರಿಕಪಿ ಮಾತನಾಡುವುದಿಲ್ಲ. ಎಲ್ಲರೂ ಅವನಿಗೆ ಹೇಳುವವರೇ. ಅವನು ಕೇಳುತ್ತಾನೆ, ಮುಂದೆ ನಡೆಯುತ್ತಾನೆ.

ಇದನ್ನು ವಿವರಿಸುವಾಗ ಮಗನು ನನ್ನ ಕಡೆ ನೋಡಲಿಲ್ಲ. ನಾನು ಅವನ ಕಡೆ ನೋಡಿದೆ.

ಅವನ ಕೈಗೆ ಬರುವ ವಿದ್ಯೆಗಳು

ವಿಡಿಯೋ ಆಟವೆಂದರೆ ಗುಂಡಿ ಒತ್ತಿ ಹೊಡೆಯುವುದು ಎಂದೇ ನಾನು ತಿಳಿದಿದ್ದೆ. ಮಗನು ಒಂದೊಂದಾಗಿ ತೋರಿಸಿದ. ಸ್ತಂಭನ ವಿದ್ಯೆಯಿಂದ ಎದುರಾಳಿಯನ್ನು ಕೆಲವು ಕ್ಷಣ ನಿಂತಲ್ಲಿ ನಿಲ್ಲಿಸಬಹುದು. ಮೋಡದ ಹೆಜ್ಜೆಯಿಂದ ತನ್ನ ಪ್ರತಿರೂಪವೊಂದನ್ನು ಅಲ್ಲಿಯೇ ಬಿಟ್ಟು ತಾನು ಮಾಯವಾಗಬಹುದು. ಶತ್ರು ಬೊಂಬೆಯನ್ನು ಹೊಡೆಯುತ್ತಿರುವಾಗ ಹಿಂದಿನಿಂದ ಬಂದು ಏಟು ಕೊಡಬಹುದು. ಏಟು ಬೀಳುವ ಕ್ಷಣದಲ್ಲಿ ಸರಿಯಾಗಿ ಬಂಡೆಯಾಗಿಬಿಟ್ಟರೆ ಹೊಡೆದವನೇ ತತ್ತರಿಸುತ್ತಾನೆ. ಮೈಯ ಕೂದಲು ಕಿತ್ತು ಊದಿದರೆ ತನ್ನಂತಹ ಹಲವು ಮಂಗಗಳು ಎದ್ದು ಬರುತ್ತವೆ. ಎಲ್ಲವೂ ತುಂಟನ ವಿದ್ಯೆಗಳೇ: ನಿಲ್ಲಿಸು, ಮರೆಯಾಗು, ಮೋಸಗೊಳಿಸು, ಒಬ್ಬನಿದ್ದಲ್ಲಿ ಹತ್ತಾಗು.

ಕೋಲಿನ ವರಸೆಗಳು ಮೂರು. ಬೀಸಿ ಅಪ್ಪಳಿಸುವುದು, ಚಾಚಿ ತಿವಿಯುವುದು, ಮತ್ತು ಮೂರನೆಯದರಲ್ಲಿ ಕೋಲನ್ನು ನೆಲಕ್ಕೆ ಊರಿ ಅದರ ತುದಿಗೆ ಏರಿ ನಿಲ್ಲುವುದು. ಕೆಳಗಿನ ಶತ್ರುವಿನ ಹಲವು ಏಟುಗಳು ಮೇಲಿನವನಿಗೆ ತಾಗುವುದಿಲ್ಲ. "ಬಿಲ್ಲಿನ ಮೇಲೆ ಗೊರವಯ್ಯ ನಿಂತ ಹಾಗೆ," ಎಂದು ಮಗ ನಕ್ಕ. ನಾನೂ ನಕ್ಕೆ. ಹೋಲಿಕೆ ಅಷ್ಟೇ, ಒಂದು ಹಲವು ತಲೆಮಾರುಗಳ ಶ್ರದ್ಧೆ, ಇನ್ನೊಂದು ಆಟ. ಆದರೆ ಅವನು ನಮ್ಮ ಊರಿನ ಕಣ್ಣಿನಿಂದಲೇ ಆ ಚೀನೀ ಆಟವನ್ನು ನೋಡುತ್ತಿದ್ದನೆಂಬುದು ನನಗೆ ಹೊಸ ಸಂಗತಿಯಾಗಿತ್ತು.

ತೋಳದ ರೂಪವನ್ನೂ ತೋರಿಸಿದ. ಮೊದಲ ಅಧ್ಯಾಯದಲ್ಲಿ ಬೆಂಕಿಯ ಆಯುಧ ಹಿಡಿದ ಒಂದು ತೋಳಯೋಧ ಎದುರಾಗುತ್ತಾನೆ. ಅವನನ್ನು ಗೆದ್ದರೆ ಅವನ ರೂಪ ತಾಳುವ ಶಕ್ತಿ ಸಿಗುತ್ತದೆ. ಆ ರೂಪ ಕೆಲಕಾಲ ಮಾತ್ರ. ಬಳಿಕ ಮರಳಿ ಮಂಗನಾಗಲೇಬೇಕು. ಹೀಗೆ ತನ್ನನ್ನು ಕಾಡಿದವರ ರೂಪಗಳನ್ನೇ ಒಂದೊಂದಾಗಿ ಗಳಿಸುತ್ತ ಮರಿಕಪಿ ಬಲಿಯುತ್ತಾನೆ.

"ಎಲ್ಲಕ್ಕಿಂತ ಕಷ್ಟವಾದದ್ದು ಯಾವುದು?" ಎಂದು ಕೇಳಿದೆ.

"ಎರಡನೆಯ ಅಧ್ಯಾಯದ ಹುಲಿ. ಎರಡು ರಾತ್ರಿ ಸತ್ತೆ. ನಲವತ್ತು ಸಲವಾದರೂ ಆಗಿರಬೇಕು."

"ಬಿಡಬೇಕೆನಿಸಲಿಲ್ಲವೇ?"

ಅವನು ಸ್ವಲ್ಪ ಹೊತ್ತು ಯೋಚಿಸಿ ಹೇಳಿದ: "ಅಲ್ಲಿ ಸತ್ತರೆ ಗಳಿಸಿದ್ದು ಏನೂ ಹೋಗುವುದಿಲ್ಲಪ್ಪ. ಮತ್ತೆ ಗುಡಿಯ ಬಳಿ ಏಳುತ್ತೇವೆ. ಯಾರೂ ಏನೂ ಅನ್ನುವುದಿಲ್ಲ."

ಓದುಗರೇ, ಆ ಉತ್ತರವನ್ನು ನಾನು ಇಂದಿಗೂ ಮರೆತಿಲ್ಲ. ಎರಡು ವಿಷಯಗಳಲ್ಲಿ ಒಮ್ಮೆ ಸೋತು ಪುಸ್ತಕವನ್ನೇ ಮುಟ್ಟದ ಹುಡುಗ, ಒಂದು ಹುಲಿಯ ಎದುರು ನಲವತ್ತು ಸಲ ಸೋತು ನಲವತ್ತೊಂದನೆಯ ಸಲ ಎದ್ದು ನಿಂತಿದ್ದ. ಅವನಲ್ಲಿ ಛಲವಿಲ್ಲವೆಂದು ನಾನು ನೆಂಟರಿಷ್ಟರ ಮುಂದೆಲ್ಲ ಹೇಳಿದ್ದೆ. ಛಲ ಇತ್ತು. ಸೋತವನು ಅವಮಾನವಿಲ್ಲದೆ ಎದ್ದು ನಿಲ್ಲಬಹುದಾದ ಜಾಗ ನಮ್ಮ ಮನೆಯಲ್ಲಿ ಇರಲಿಲ್ಲ.

ಹಾಗೆಂದು ಆಟಗಳೆಲ್ಲ ನಿರಪಾಯವೆಂದು ನಾನು ಹೇಳುತ್ತಿಲ್ಲ. ಆಟದ ಮೇಲೆ ಹಿಡಿತ ತಪ್ಪಿ, ಓದು, ನಿದ್ರೆ, ಸಂಬಂಧಗಳು ಹಾಳಾಗುವ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ. ಅದು 2022ರ ಜನವರಿಯಿಂದ ಜಾರಿಯಲ್ಲಿದೆ. ಸಾಮಾನ್ಯವಾಗಿ ಹನ್ನೆರಡು ತಿಂಗಳಾದರೂ ಈ ಲಕ್ಷಣಗಳು ಮುಂದುವರಿದಿದ್ದರೆ ಮಾತ್ರ ಅದನ್ನು ಕಾಯಿಲೆಯೆಂದು ಪರಿಗಣಿಸುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇಂತಹವರಿಗೆಂದೇ 2014ರಲ್ಲಿ 'ಷಟ್' ಎಂಬ ಚಿಕಿತ್ಸಾಲಯ ಆರಂಭವಾಯಿತು. ಅಗತ್ಯವಿದ್ದರೆ ಅಲ್ಲಿಗೆ ಹೋಗುವುದರಲ್ಲಿ ನಾಚಿಕೆಪಡಬೇಕಾದದ್ದು ಏನೂ ಇಲ್ಲ. ಆದರೆ ಮಗನು ಏನನ್ನು ಆಡುತ್ತಿದ್ದಾನೆ, ಏಕೆ ಆಡುತ್ತಿದ್ದಾನೆ ಎಂದು ಕೇಳದೆ ಬೀಗ ಹಾಕುವುದು ಚಿಕಿತ್ಸೆಯಲ್ಲ. ನಾನು ಮಾಡಿದ್ದು ಅದನ್ನೇ.

ಪಟ್ಟಿ ಮತ್ತು ಮಂತ್ರ

ಕೊನೆಗೆ ಪರದೆಯ ಮೇಲೆ ಒಂದು ಚಿನ್ನದ ಪಟ್ಟಿ ಕಾಣಿಸಿತು. ಕಾದಂಬರಿಯಲ್ಲಿ ಈ ಪಟ್ಟಿಯ ಕಥೆ ಹೀಗಿದೆ. ಬೆಟ್ಟದಿಂದ ಬಿಡುಗಡೆಯಾದರೂ ಮಂಗ ಹೇಳಿದ ಮಾತು ಕೇಳುವುದಿಲ್ಲ. ಆಗ ಸನ್ಯಾಸಿಗೆ ಒಂದು ಟೊಪ್ಪಿಗೆ ದೊರೆಯುತ್ತದೆ. ಇದನ್ನು ತೊಟ್ಟವನಿಗೆ ಕಲಿಯದೆಯೇ ಗ್ರಂಥಗಳು ಬಾಯಿಗೆ ಬರುತ್ತವೆ ಎಂದು ಸನ್ಯಾಸಿ ಹೇಳುತ್ತಾನೆ. ಜಗತ್ತನ್ನೆಲ್ಲ ಯಾಮಾರಿಸಿದ ಮಂಗ ಆಸೆಯಿಂದ ತಾನೇ ತೊಟ್ಟುಕೊಳ್ಳುತ್ತಾನೆ. ಟೊಪ್ಪಿಗೆಯ ಒಳಗಿದ್ದ ಪಟ್ಟಿ ತಲೆಗೆ ಬೇರೂರಿಬಿಡುತ್ತದೆ. ಸನ್ಯಾಸಿ ಒಂದು ಮಂತ್ರ ಹೇಳಿದರೆ ಪಟ್ಟಿ ಬಿಗಿಯುತ್ತದೆ. ಮಂಗ ನೋವಿನಿಂದ ನೆಲದ ಮೇಲೆ ಹೊರಳಾಡುತ್ತಾನೆ.

ಶಿಸ್ತಿಗಾಗಿ ಬಂದ ಈ ಮಂತ್ರವನ್ನು ಸನ್ಯಾಸಿ ತಪ್ಪಾಗಿಯೂ ಬಳಸುತ್ತಾನೆ. ಬಿಳಿ ಎಲುಬಿನ ರಾಕ್ಷಸಿಯೊಬ್ಬಳು ಮೊದಲು ಹುಡುಗಿಯಾಗಿ, ಆಮೇಲೆ ಮುದುಕಿಯಾಗಿ, ಕೊನೆಗೆ ಮುದುಕನಾಗಿ ಬರುತ್ತಾಳೆ. ಮೂರು ಸಲವೂ ಅವಳ ನಿಜರೂಪ ಕಂಡವನು ಮಂಗ ಒಬ್ಬನೇ. ಅವನು ಹೊಡೆಯುತ್ತಾನೆ, ಗುರುವಿನ ಕಣ್ಣಿಗೆ ಅವನು ಅಮಾಯಕರನ್ನು ಕೊಂದ ಪಾಪಿ. ಗುರು ಮಂತ್ರ ಹೇಳುತ್ತಲೇ ಹೋಗುತ್ತಾನೆ; ಕೊನೆಗೆ ಶಿಷ್ಯನನ್ನು ಹೊರಗಟ್ಟುತ್ತಾನೆ. ಅನಂತರ ಅಪಾಯಕ್ಕೆ ಸಿಲುಕುವವನು ಗುರುವೇ.

ಮಗ ಇದನ್ನು ಹೇಳುತ್ತಿರುವಾಗ ನನಗೆ ನನ್ನ ತಂದೆ ನೆನಪಾದರು. ಹಡಗಲಿಯ ಮಲ್ಲಿಗೆ ಎಲ್ಲ ಕಡೆ ಹೆಸರುವಾಸಿ. ನಮ್ಮ ತಂದೆಗೂ ಒಂದಿಷ್ಟು ಮಲ್ಲಿಗೆಯ ಬಳ್ಳಿಗಳಿದ್ದವು. ನನಗೆ ಹನ್ನೆರಡು ವರ್ಷವಾಗಿದ್ದಾಗ ಹೂ ಮಾರಿ ಬಂದ ಹಣದಲ್ಲಿ ಎರಡು ರೂಪಾಯಿ ಕದ್ದು ಟೂರಿಂಗ್ ಟಾಕೀಸಿಗೆ ಹೋಗಿದ್ದೆ. ಸಿಕ್ಕಿಬಿದ್ದೆ, ಏಟು ತಿಂದೆ. ಏಟು ಒಂದು ದಿನದಲ್ಲಿ ಮಾಯಿತು. ಆದರೆ 'ಹೂವಿನ ದುಡ್ಡು' ಎಂಬ ಮಾತು ಉಳಿಯಿತು. ನಾನು ಪರೀಕ್ಷೆಯಲ್ಲಿ ಮೊದಲಿಗನಾಗಿ ಬಂದಾಗಲೂ, ಕೆಲಸಕ್ಕೆ ಸೇರಿ ಮೊದಲ ಸಂಬಳವನ್ನು ಅವರ ಕೈಗಿಟ್ಟಾಗಲೂ ತಂದೆಯವರು ನಗುತ್ತ, "ಎಣಿಸಿ ನೋಡ್ರಪ್ಪ, ಹೂವಿನ ದುಡ್ಡಿನವನು" ಎಂದಿದ್ದರು. ಅವರ ಪಾಲಿಗೆ ಅದು ಪ್ರೀತಿಯ ತಮಾಷೆ. ಅರವತ್ತರ ಹತ್ತಿರ ಬಂದರೂ ಮಲ್ಲಿಗೆಯ ಬುಟ್ಟಿ ಕಂಡಾಗ ನನ್ನ ತಲೆಯ ಸುತ್ತ ಏನೋ ಬಿಗಿದಂತಾಗುತ್ತದೆ. ಆ ಪಟ್ಟಿಯ ನೋವು ಬಲ್ಲ ನಾನೇ ಇನ್ನೊಂದು ಪಟ್ಟಿ ಮಾಡಿಸಿ ಮಗನ ತಲೆಗೆ ತೊಡಿಸಿದ್ದೆ. ಮಂತ್ರದಲ್ಲಿ ಒಂದೇ ಒಂದು ಪದ ಬದಲಾಗಿತ್ತು.

ಆಟಕ್ಕೆ ಎರಡು ಮುಕ್ತಾಯಗಳಿವೆಯೆಂದು ಮಗ ತಿಳಿಸಿದ. ನೇರವಾಗಿ ಕೊನೆ ಮುಟ್ಟಿದವನ ಮರಿಕಪಿಯ ತಲೆಗೆ ಅದೇ ಪಟ್ಟಿಯನ್ನು ತೊಡಿಸುತ್ತಾರೆ. ಹಳೆಯ ಬಂಧನವೇ ಹೊಸಬನಿಗೆ ಬರುತ್ತದೆ. ದಾರಿಯ ಮರೆಯಲ್ಲಿರುವ ಸಂಗತಿಗಳನ್ನೆಲ್ಲ ತಾಳ್ಮೆಯಿಂದ ಹುಡುಕಿ, ವುಕಾಂಗನ ನೆನಪುಗಳನ್ನೂ ಪಡೆದವನಿಗೆ ಬೇರೆ ಮುಕ್ತಾಯ. ಅಲ್ಲಿ ಮರಿಕಪಿ ಆ ಪಟ್ಟಿಯಿಲ್ಲದೆಯೇ ಕಣ್ಣು ತೆರೆಯುತ್ತಾನೆ.

"ನಿನಗೆ ಯಾವುದು ಸಿಕ್ಕಿತು?" ಎಂದೆ.

"ಮೊದಲನೆಯದು. ಎರಡನೆಯದಕ್ಕೆ ಹೋಗುವಷ್ಟರಲ್ಲಿ ನೀವು ಪ್ಲಗ್ ಕಿತ್ತಿರಿ," ಎಂದ. ಅದರಲ್ಲಿ ದೂರು ಇರಲಿಲ್ಲ.

ನಾನು ಹೇಳಬೇಕಾದದ್ದನ್ನು ಆಗ ಹೇಳಿದೆ. ಹೂವಿನ ದುಡ್ಡಿನ ಕಥೆಯನ್ನು ನನ್ನ ಹೆಂಡತಿಗೂ ಪೂರ್ತಿ ಹೇಳಿರಲಿಲ್ಲ. ಅಂದು ಮಗನಿಗೆ ಹೇಳಿದೆ. ಅವನು ಮಾಡಿದ್ದು ತಪ್ಪೆಂಬುದನ್ನು ಮುಚ್ಚಲಿಲ್ಲ. 30 ಸಾವಿರ ರೂಪಾಯಿಗಳು ಅವನ ತಾಯಿ ಎರಡು ವರ್ಷ ಕೂಡಿಟ್ಟದ್ದೆಂಬುದನ್ನು ತಿಳಿಸಿದೆ. ಅದನ್ನು ಅವನು ತೀರಿಸಬೇಕು. ತೀರಿಸುವವರೆಗೆ ಲೆಕ್ಕ ಇರುತ್ತದೆ, ಆದರೆ ಆ ಮಾತು ಮಾತ್ರ ಈ ಮನೆಯಲ್ಲಿ ಇನ್ನು ಕೇಳಿಸುವುದಿಲ್ಲ ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದು, "ಅಮ್ಮನಿಗೆ ನಾನೇ ಹೇಳುತ್ತೇನೆ," ಎಂದ.

ಇದಾದ ಮೇಲೆ ಎಲ್ಲವೂ ಸರಿಹೋಯಿತೆಂದು ಬರೆದರೆ ಸುಳ್ಳಾದೀತು. ಬಾಕಿಯಿದ್ದ ಎರಡು ವಿಷಯಗಳಲ್ಲಿ ಒಂದು ಉತ್ತೀರ್ಣವಾಯಿತು, ಇನ್ನೊಂದಕ್ಕೆ ಮತ್ತೊಮ್ಮೆ ಕುಳಿತುಕೊಳ್ಳಬೇಕಾಯಿತು. ರಜೆಯ ದಿನಗಳಲ್ಲಿ ಊರಿನ ಮಕ್ಕಳಿಗೆ ಗಣಿತ ಹೇಳಿಕೊಟ್ಟು ಬಂದ ಹಣವನ್ನು ತಾಯಿಯ ಡಬ್ಬಿಗೆ ಹಾಕುತ್ತಾನೆ; ಕೆಲವು ತಿಂಗಳು ಮರೆಯುತ್ತಾನೆ. ಎರಡು ಮೂರು ಸಲ ನನ್ನ ನಾಲಿಗೆಯ ತುದಿಗೆ ಆ ಮಾತು ಬಂದದ್ದುಂಟು. ಒಮ್ಮೆ ಅರ್ಧ ಹೊರಗೂ ಬಿದ್ದಿತು. ಅವನ ಮುಖ ನೋಡಿ ಅಲ್ಲಿಗೇ ನಿಲ್ಲಿಸಿ ಕ್ಷಮೆ ಕೇಳಿದೆ. ಮಂತ್ರ ಬಲ್ಲವನಿಗೆ ಅದನ್ನು ಮರೆಯುವುದು ಸುಲಭವಲ್ಲ.

ಕಾದಂಬರಿಯ ಕೊನೆಯ ಅಧ್ಯಾಯಗಳ ಒಂದು ಪ್ರಸಂಗವನ್ನು ಆಮೇಲೆ ನಾನೇ ಓದಿ ತಿಳಿದುಕೊಂಡೆ. ಯಾತ್ರೆ ಮುಗಿದು, ಗುರುವಿಗೂ ಶಿಷ್ಯನಿಗೂ ಬುದ್ಧಪದವಿ ದೊರೆತಾಗ, ಮಂಗನು ಮೊದಲು ಕೇಳುವುದು ಒಂದನ್ನೇ: ಇನ್ನಾದರೂ ಈ ಪಟ್ಟಿಯನ್ನು ಸಡಿಲಿಸುವ ಮಂತ್ರ ಹೇಳಿ, ಅದನ್ನು ತೆಗೆದು ಪುಡಿಮಾಡಿಬಿಡುತ್ತೇನೆ. ಗುರುವು, ಅಂದು ನಿನ್ನನ್ನು ಹಿಡಿದಿಡಲು ಬೇರೆ ದಾರಿಯಿರಲಿಲ್ಲ, ಈಗ ಅದು ತಾನಾಗಿ ಹೋಗಿದೆ, ಮುಟ್ಟಿ ನೋಡು ಎನ್ನುತ್ತಾನೆ. ಮಂಗ ಕೈಯೆತ್ತಿ ತಲೆ ತಡವುತ್ತಾನೆ. ಅಲ್ಲಿ ಏನೂ ಇರುವುದಿಲ್ಲ.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಒಬ್ಬ ತುಂಟ ಇರಬಹುದು. ಮಾತು ಬಿಟ್ಟ ಮರಿಕಪಿಯೊಂದು ಮೂಲೆಯಲ್ಲಿ ಪರದೆಯ ಮುಂದೆ ಕುಳಿತಿರಬಹುದು. ಇಂದು ಸಂಜೆ ಅವನ ಪಕ್ಕದಲ್ಲಿ ಒಂದು ಕುರ್ಚಿ ಎಳೆದುಕೊಂಡು ಕುಳಿತು, ಆ ಆಟದಲ್ಲಿ ಅವನು ಯಾರು, ಅವನಿಗೆ ಏನೇನು ಬರುತ್ತದೆ, ಎಲ್ಲಿ ಎಷ್ಟು ಸಲ ಸೋತ ಎಂದು ಕೇಳಿ. ಬಯ್ಯುವುದಕ್ಕೆ ನಾಳೆಯೂ ಸಮಯವಿದೆ. ನಮ್ಮ ಮನೆಯ ಕಂಪ್ಯೂಟರ್ ಈಗ ಅಲಮಾರಿಯಲ್ಲಿ ಇಲ್ಲ, ಹಜಾರದಲ್ಲಿದೆ. ಬೀಗದ ಕೈ ಎಲ್ಲಿದೆಯೆಂದು ನನಗೂ ಸರಿಯಾಗಿ ನೆನಪಿಲ್ಲ.